ವಿಲ್ಫ್‌ನ ಹಸಿರು ಜೆರ್ಸಿ

ಸ್ಕೆಲ್ಬಿ ಟೌನ್ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆಗಳನ್ನು ಮೂವತ್ತು ವರ್ಷ ಒಗೆದವಳು ನಾನು. ಗೋಲ್‌ಕೀಪರ್ ಆಗಿದ್ದ ನನ್ನ ಗಂಡ ವಿಲ್ಫ್ ತೀರಿಕೊಂಡಾಗ, ನಮ್ಮೂರ ರೂಢಿಯಂತೆ, ಬೂದಿಯನ್ನು ಅವನ ಗೋಲಿನ ಮುಂದೆಯೇ ಚೆಲ್ಲಿದೆವು. ಹೋದ ವರ್ಷ ಕ್ಲಬ್ಬು ಸಾಲದಲ್ಲಿ ಮುಳುಗಿ ಮುಚ್ಚಿತು. ಮೈದಾನಕ್ಕೆ ಡಾಂಬರು ಹಾಕಿ ಕಾರು ನಿಲ್ಲಿಸತೊಡಗಿದರು. ಅವನ ಹಸಿರು ಜೆರ್ಸಿ ಮಾತ್ರ ನನ್ನ ಬೀರುವಿನಲ್ಲಿ ಉಳಿಯಿತು.

ಆಮೇಲೆ ಶನಿವಾರ ಸಂಜೆ, ಹಿಂದೆ ಪಂದ್ಯ ಮುಗಿಯುತ್ತಿದ್ದ ಐದು ಗಂಟೆಗೆ, ಬೀರು ತೆರೆದಾಗಲೆಲ್ಲ ಹಸಿಹುಲ್ಲಿನ ವಾಸನೆ. ಜೆರ್ಸಿಯ ಮೊಣಕೈಗೆ ಒದ್ದೆ ಕೆಸರು, ಒಳಗೆ ಮೈಬಿಸಿ.

“ಅಲ್ಲೀಗ ಬರೀ ಟಾರು ಕಣೇ ಎಡ್ನಾ, ಕೆಸರೆಲ್ಲಿಂದ ಬರ್ಬೇಕು?” ಎಂದು ನಾದಿನಿ ಮೇವಿಸ್ ಗದರಿದಳು.

“ನೀನೇ ಮುಟ್ಟಿ ನೋಡು,” ಅಂದೆ. ಮುಟ್ಟಿದವಳು ಜೆರ್ಸಿಯನ್ನು ಎದೆಗೊತ್ತಿಕೊಂಡು ಅತ್ತಳು.

ಪ್ರತಿ ಸಲವೂ ಒಗೆದಿಟ್ಟೆ. ಆಟಗಳಿಲ್ಲದ ಬೇಸಿಗೆಯಿಡೀ ಅದು ಒಗೆದಂತೆಯೇ ಇತ್ತು. ಮನೆ ಬಿಕೋ ಎನ್ನುತ್ತಿತ್ತು. ಆಗಸ್ಟಿನಲ್ಲಿ ಉಳಿದ ಊರುಗಳ ಕ್ಲಬ್ಬುಗಳ ಲೀಗ್ ಪಂದ್ಯಗಳು ಮತ್ತೆ ಶುರುವಾದ ಶನಿವಾರ, ಐದು ಗಂಟೆಗೆ, ಅದರ ಮೊಣಕೈ ಕೆಸರಾಗಿತ್ತು.