317ರ ಹೊಸ ಪರದೆ

ಸೆಪ್ಟೆಂಬರ್ 13, ಶನಿವಾರ, ಬೆಳಗ್ಗೆ 7.40. ಮಿನ್ನೆಸೋಟದ ಮೀಸಲು ವಾಯುನೆಲೆಯ ಪೊಲೀಸ್ ಠಾಣೆಗೆ ಉಗ್ರಾಣದ ಜನೆಲ್ ಓಡಿಬಂದಳು. ಮೂವತ್ತೈದು ವರ್ಷ ಹಳೆಯ ಯುದ್ಧವಿಮಾನ 317ಕ್ಕೆ ಅಂದು ಕೂರಿಸಬೇಕಿದ್ದ ಹೊಸ ರೇಡಾರ್ ಪರದೆ ಕಾಣೆಯಾಗಿತ್ತು. ಇನ್‌ಸ್ಪೆಕ್ಟರ್ ಮಾರ್ಲಿಸ್ ಕೋಸ್ಕಿ ಎಫ್‌ಐಆರ್ ಬರೆದುಕೊಂಡು, ಕಾನ್‌ಸ್ಟೆಬಲ್ ಡೀನ್‌ನೊಂದಿಗೆ ಹೊರಟಳು.

8.15ಕ್ಕೆ ಪಂಚನಾಮೆ. ಬೀಗ ಒಡೆದಿರಲಿಲ್ಲ. ಖಾಲಿ ಕಪಾಟಿನ ಮೊಳೆಯಲ್ಲಿ ಹಿತ್ತಾಳೆಯ ಬಿಲ್ಲೆಯೊಂದು ನೇತಾಡುತ್ತಿತ್ತು. ಸಂಖ್ಯೆ 27.

"ಇದೇನು?"

"ಕೋಟಿನ ಟೋಕನ್ ಇರ್ಬೇಕು ಮೇಡಂ. ನಾನು ಬಂದು ಮೂರೇ ವರ್ಷ," ಎಂದಳು ಜನೆಲ್.

ಮಾರ್ಲಿಸ್‌ಗೆ ನಗು ತಡೆಯಲಾಗಲಿಲ್ಲ. ಕಂಪ್ಯೂಟರ್ ಬರುವ ಮುಂಚೆ, ಸಾಮಾನು ಒಯ್ದವರು ಅದರ ಜಾಗದಲ್ಲಿ ತಮ್ಮ ಬಿಲ್ಲೆ ತೂಗುಹಾಕಿ ಹೋಗಬೇಕಿತ್ತು.

"ಕದ್ದಿದ್ದಲ್ದೆ ರಸೀದಿ ಬೇರೆ ಕೊಟ್ಟು ಹೋಗಿದ್ದಾನಲ್ಲ ಮಹಾರಾಯ!" ಎಂದ ಡೀನ್.

ಹಳೆಯ ರಿಜಿಸ್ಟರಿನಲ್ಲಿ 27ರ ಎದುರು ಇದ್ದ ಹೆಸರು ಆರ್ವಿಡ್ ಟ್ವೆಡ್ಟ್. ಊರಲ್ಲಿ ಹಸು ಸಾಕಿಕೊಂಡು, ತಿಂಗಳಿಗೆರಡು ದಿನ ನೆಲೆಗೆ ಬರುವ 317ರ ಮುಖ್ಯ ಮೆಕ್ಯಾನಿಕ್. ಉಗ್ರಾಣದ ಕೀಲಿ ಅವನ ಬಳಿಯೂ ಇತ್ತು. ಮರುದಿನ ಅವನ ನಿವೃತ್ತಿ.

10.20. ಪರದೆ ಇಲ್ಲದ್ದರಿಂದ 317 ಹಳೆಯ ರೂಪದಲ್ಲೇ ಹಾರಲೆಂದು ಆದೇಶವಾಗಿತ್ತು. ಆರ್ವಿಡ್ ರೆಕ್ಕೆಯ ಕೆಳಗೆ ಬಟ್ಟೆ ಹಿಡಿದು ಒರೆಸುತ್ತಿದ್ದ.

"ಆರ್ವಿಡಣ್ಣ, ನಿಮ್ಮ ಬಿಲ್ಲೆ ಎಲ್ಲಿ?"

ಅವನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು.

"ಥೂ, ಈ ಕೈಗಿಷ್ಟು! ಹಳೇ ಅಭ್ಯಾಸಕ್ಕೆ ತೂಗುಹಾಕೇ ಬಂದ್ನಾ?"

"ಪರದೆ?"

"ನನ್ನ ಟ್ರಕ್ಕಲ್ಲಿದೆ. ಕಂಬಳಿ ಸುತ್ತಿದೀನಿ, ಒಂದು ಗೀರೂ ಬಿದ್ದಿಲ್ಲ."

"ಪಿಂಚಣಿ ಹೋಗ್ಬಹುದು. ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮ." ಅವನು ವಿಮಾನದತ್ತ ನೋಡಿದ. "ಇದನ್ನ ಕಳಿಸಿಬಿಟ್ಟು ಬರ್ಲಾ?"

ಮಾರ್ಲಿಸ್ ಮೇಲಧಿಕಾರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದಳು. ಬೇರೆ ಇಬ್ಬರು ಮೆಕ್ಯಾನಿಕ್‌ಗಳು ವಿಮಾನವನ್ನು ಮೊದಲಿಂದ ಪರೀಕ್ಷಿಸಿದರು. ಆರ್ವಿಡ್ ಏನನ್ನೂ ಮುಟ್ಟುವಂತಿಲ್ಲ. ಎದುರು ನಿಂತು ದಾರಿ ತೋರಿಸಿ ಸೆಲ್ಯೂಟ್ ಹೊಡೆಯಬಹುದು, ಅಷ್ಟೇ.

1.05ಕ್ಕೆ 317 ನೆಲ ಬಿಟ್ಟಿತು. ಸದ್ದು ಅಡಗುವವರೆಗೂ ಅವನು ಕೈ ಇಳಿಸಲಿಲ್ಲ. 1.10ಕ್ಕೆ ಬಂಧನ.

ಠಾಣೆಯಲ್ಲಿ ಕಾಫಿ ಕೇಳಿ ಪಡೆದು, ನಿಧಾನವಾಗಿ ಕುಡಿದು, ಕಾರಣ ಹೇಳಿದ. ಹೊಸ ಪರದೆ ಕೂತ ವಿಮಾನವನ್ನು ಹೊಸ ತರಬೇತಿ ಪಡೆದವರೇ ಕಳಿಸಬೇಕೆಂಬುದು ನಿಯಮ. ನಿವೃತ್ತನಾಗುವವನಿಗೆ ಯಾಕೆಂದು ಅವನನ್ನು ತರಬೇತಿಗೆ ಕಳಿಸಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ 317ನ್ನು ಸಜ್ಜುಮಾಡಿ ಕಳಿಸಿದವನು ಕೊನೆಯ ಸಲ ನೋಡುಗರ ಹಗ್ಗದಾಚೆ ನಿಂತು ನೋಡಬೇಕಿತ್ತು.

ಹೇಳಿಕೆಯ ಕೊನೆಗೆ ಅವನು ಬರೆಸಿದ್ದು ಇಷ್ಟು: "ಹೊಸದು ಒಳ್ಳೇದೇ. ಹಾರಿಹೋದ ಮಕ್ಕಳು ಅದರಿಂದ ವಾಪಸ್ ಬರ್ತಾರೆ. ನನಗೆ ಒಂದು ಶನಿವಾರ ಬೇಕಿತ್ತು."