ಮೂರನೇ ಹಕ್ಕಿ

ಹಲ್ಲಿನ ಡಾಕ್ಟರ್ ಪ್ರತಿ ಭಾನುವಾರ ಹಳೇ ಸಾಮಾನಿನ ಅಂಗಡಿಗೆ ಬರುವುದು ಪಿಂಗಾಣಿ ಹೂದಾನಿ ನೋಡಲಿಕ್ಕೆ ಅಂತ ನಂಬಿದ್ದವನು ಅಂಗಡಿಯ ಯಜಮಾನ ಒಬ್ಬನೇ, ಪಾಪ. ಡಾಕ್ಟರ್ ಬರುತ್ತಿದ್ದುದು ಒಳಕೋಣೆಯಲ್ಲಿ ಕೂತು ಒಡೆದ ಪಿಂಗಾಣಿ ಸರಿಮಾಡುವ ಹುಡುಗಿಗಾಗಿ. ಅವಳಿಗೆ ಅವನೇ ಇಟ್ಟ ಹೆಸರು ತೇಪೆರಾಣಿ.

"ನೀನು ಮುಟ್ಟಿದ ಹೂದಾನಿ ಒಂದೂ ಬೇಡ ಕಣೇ. ನೀನೊಬ್ಬಳು ಸಾಕು," ಅಂತ ಕಣ್ಣು ಮಿಟುಕಿಸುತ್ತಿದ್ದ.

"ದಿನಾ ಹಲ್ಲಿಗೆ ಸಿಮೆಂಟ್ ತುಂಬೋರು ಆಡೋ ಮಾತಾ ಇದು?" ಅವಳು ಕೆಂಪಾಗಿ ನಗುತ್ತಿದ್ದಳು.

ಅವನ ಮನೆಯಲ್ಲಿ ಈ ಅಂಗಡಿಯಿಂದಲೇ ಹೋದ ನಲವತ್ತು ಹೂದಾನಿಗಳಿದ್ದವು. ಅವನ ಜೀವ ಮಾತ್ರ ಒಂದರ ಮೇಲೆ. ಅದರ ಮೈಮೇಲೆ, ನೂರು ವರ್ಷದ ಹಿಂದೆ ಯಾರೋ ಕೈಯಲ್ಲಿ ಬರೆದದ್ದು ಅಂತ ಯಜಮಾನ ಹೇಳಿದ್ದ ಮೂರು ನೀಲಿ ಹಕ್ಕಿ. ಎರಡು ತಮ್ಮ ಪಾಡಿಗೆ ಹಾರುತ್ತಿದ್ದವು. ಮೂರನೆಯದು ಕತ್ತು ಹೊರಳಿಸಿ ನೋಡುವವರನ್ನೇ ನೋಡುತ್ತಿತ್ತು.

"ಥೇಟ್ ನಿನ್ನ ಕಣ್ಣು," ಅಂದಿದ್ದ ಒಮ್ಮೆ. ಅವತ್ತು ಅವಳಿಗೆ ಊಟ ಸೇರಲಿಲ್ಲ. ಬಣ್ಣ ಎದ್ದುಹೋದ ಜಾಗದಲ್ಲಿ ಆ ಹಕ್ಕಿಯನ್ನು ಬರೆದವಳು ಅವಳೇ. ಬಾಯಿ ಬಿಟ್ಟರೆ ಕೆಲಸ ಹೋಯಿತು ಅಂತ ಯಜಮಾನ ಗದರಿಸಿಟ್ಟಿದ್ದ.

ಕೊನೆಗೆ, ಅವನ ತಾಯಿ ಮದುವೆ ಮಾತಿಗೆ ಅವಳ ಮನೆಗೆ ಬರುವ ಹಿಂದಿನ ದಿನ ಬಂತು. ಸುಳ್ಳಿನ ಮೇಲೆ ಸಂಸಾರ ಹೂಡಲು ಅವಳಿಗೆ ಮನಸ್ಸಾಗಲಿಲ್ಲ. ಕ್ಲಿನಿಕ್ಕಿನ ಮೇಲಿನ ಅವನ ಮನೆಗೇ ಹೋದಳು.

"ಮೂರನೇ ಹಕ್ಕಿ ನಾನು ಬರೆದದ್ದು."

ಅವನು ಹುಳುಕು ಹಲ್ಲು ಕೆದಕುವ ಸೂಜಿ ತಂದು ಹಕ್ಕಿಯ ಕಣ್ಣು ಗೀರಿದ. ಬಣ್ಣ ಪುಡಿಯಾಗಿ ಉದುರಿತು.

"ನೀನೇ ಒರೆಸು. ಬೇರೆಯವರ ಕೈಗೆ ಕೊಟ್ಟರೆ ಮಿಕ್ಕ ಎರಡಕ್ಕೂ ಏಟು ಬೀಳುತ್ತೆ."

"ನಿಮಗೆ ಅದೇ ಇಷ್ಟ ಅಲ್ವಾ?"

"ಅಸಲಿ ಅಂದ್ಕೊಂಡಿದ್ದೆ."

ಅವನು ಕೊಟ್ಟ ಸ್ಪಿರಿಟ್, ಹತ್ತಿ ತೆಗೆದುಕೊಂಡು ಅವಳು ಒರೆಸಿದಳು. ಕಣ್ಣೀರು ಸುರಿಯುತ್ತಿದ್ದರೂ ಕೈ ನಡುಗಲಿಲ್ಲ, ಅಭ್ಯಾಸದ ಕೈ. ಹಕ್ಕಿ ಹೋಗಿ ಬಿಳೀ ಕಲೆ ಉಳಿಯಿತು.

"ಅಮ್ಮನಿಗೆ ಬರಬೇಡ ಅಂತ ಹೇಳ್ತೀನಿ," ಅಂದ, ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆ ನಾಳೆ ಬನ್ನಿ ಅಂತ ಹೇಳುವಷ್ಟು ಸಲೀಸಾಗಿ. ಆಮೇಲೆ ಕಪಾಟಿನ ಸಾಲು ನೋಡಿದ. ಈಗ ಅವನ ದನಿ ನಡುಗಿತು. "ನಿಜ ಹೇಳು. ಇದರಲ್ಲಿ ನೀನು ಮುಟ್ಟಿರೋದು ಇನ್ನೆಷ್ಟಿದೆ?"

ಒಂದೂ ಇರಲಿಲ್ಲ. ಆ ನಡುಕ ತನಗಾಗಿ ಒಂದು ಸಲ ಬಂದಿದ್ದರೆ ಅವಳು ಹೇಳುತ್ತಿದ್ದಳು.

"ನೆನಪಿಲ್ಲ," ಅಂದಳು, ಚೀಲ ಹೆಗಲಿಗೇರಿಸಿ. "ಸೂಜಿ ಇದೆಯಲ್ಲ ಡಾಕ್ಟ್ರೇ. ಒಂದೊಂದೇ ಗೀರಿ ನೋಡ್ಕೊಳ್ಳಿ."

ಮೆಟ್ಟಿಲ ತಿರುವಿನಲ್ಲಿ ಅವಳು ನಿಂತಳು. ಈಗಲೂ ಅವನೆಂದರೆ ಪ್ರಾಣ. ಮೇಲೆ ಅಸಲಿ ಪಿಂಗಾಣಿ ಗೀರುವ ಸದ್ದು ಶುರುವಾಯಿತು. ಒಂದು ಕೂಗು ಹಾಕಿ ತಡೆಯಬಹುದಿತ್ತು. ತಡೆಯಲಿಲ್ಲ.