ರಜೆ ಹಾಕದ ಅಜ್ಜಿ

"ನಿಮ್ಮಜ್ಜಿಗೆ ಜ್ವರಾನೂ ಬರಲ್ವೇನೇ?"

ಇಸ್ಸೆ ಹೀಗೆ ಕೇಳಿದ್ದೇ ತಡ, ಕೊಜುಯೆಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಊಟದ ಹೊತ್ತು. ಐದನೇ ಕ್ಲಾಸಿನ ಮಕ್ಕಳು ಟ್ರೇ ಹಿಡಿದು ಸಾಲಾಗಿ ನಿಂತಿದ್ದರು. ಅವತ್ತು ಸೋಯಾ ಕಾಳಿನ ಮಿಸೊ ಸಾರು ಬಡಿಸುವ ಸರದಿ ಕೊಜುಯೆಯದು.

"ನಮ್ಮಜ್ಜಿಗೆ ಯಾಕೋ ಜ್ವರ ಬರ್ಬೇಕು?"

"ಬಂದ್ರೆ ನಮ್ಮಣ್ಣಂಗೆ ಒಂದಿನನಾದ್ರೂ ಕೆಲಸ ಸಿಗತ್ತೆ. ಅಡುಗೆಮನೆಲಿ ಯಾರಾದ್ರೂ ರಜೆ ಹಾಕಿದ್ರೆ ಕರೀತೀವಿ ಅಂದಿದಾರೆ. ಅಡುಗೆ ಕೆಲಸಕ್ಕೆ ಬೇಕಾದ ಡಾಕ್ಟರ್ ತಪಾಸಣೆ ಎಲ್ಲಾ ಮುಗ್ಸಿ ಬೇಸಿಗೆಯಿಂದ ಕಾಯ್ತಿದಾನೆ. ನಿಮ್ಮಜ್ಜಿ ರಜೆ ಹಾಕಿದ್ರೆ ತಾನೆ! ಅಂಟು ಹಾಕ್ಕೊಂಡು ಕೂತ್ಬಿಟ್ಟಿದಾರೆ."

ಹಿಂದಿದ್ದವರು ಕಿಸಕ್ಕನೆ ನಕ್ಕರು. ಕೊಜುಯೆ ಸೌಟನ್ನು ಮತ್ತೆ ಪಾತ್ರೆಗೆ ಅದ್ದಿದಳು. ಇಸ್ಸೆಯ ಬಟ್ಟಲಿಗೆ ಸಾರು ಹಾಕಿದಳು. ಮೂಲಂಗಿಯ ಒಂದು ಹೋಳೂ ಬೀಳದ ಹಾಗೆ ಹಾಕಿದಳು.

ಆ ಶಾಲೆಯ ಅಡುಗೆಮನೆಯಲ್ಲಿ ಇದ್ದವರು ಇಬ್ಬರೇ. ಕೊಜುಯೆಯ ಅಜ್ಜಿ ಫುಮಿ ಮತ್ತು ಅವಳ ಗೆಳತಿ ಹರುಮಿ. ಮೊದಲು ತುಂಬ ಜನ ಇದ್ದರಂತೆ. ಊರಲ್ಲಿ ಮಕ್ಕಳು ಕಡಿಮೆಯಾದ ಹಾಗೆ ಕೆಲಸಗಳೂ ಕಡಿಮೆಯಾದವು. ಜಪಾನಿನ ಅಕಿತಾದ ಕಡಲ ದಂಡೆಯ ಆ ಊರಲ್ಲಿ ಈಗ ಮೀನು ಮಾರುವವರು, ಬಸ್ ಓಡಿಸುವವರು, ಕಟಿಂಗ್ ಮಾಡುವವರು, ಯಾರನ್ನು ನೋಡಿದರೂ ತಲೆ ಬೆಳ್ಳಗೆ. ಇಸ್ಸೆಯ ಅಣ್ಣ ತೊಮೊಯಾನಂಥ ಹುಡುಗರು ಬೆರಳೆಣಿಕೆಯಷ್ಟು. ಅಂಥವನೂ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾನೆ ಎಂದರೆ ಕೊಜುಯೆಗೆ ಏನೋ ಸರಿಯಿಲ್ಲ ಅನ್ನಿಸಿತು.

ಸಂಜೆ ಅಜ್ಜಿಯ ಭುಜಕ್ಕೆ ನೋವಿನ ಪಟ್ಟಿ ಅಂಟಿಸುತ್ತಾ ಅವಳು ಕೇಳಿದಳು. "ಅಜ್ಜೀ, ಒಂದಿನ ರಜೆ ಹಾಕೇ."

"ಯಾಕೆ? ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಗುಂಡುಕಲ್ಲಿಗೆ ಯಾಕೆ ಪಟ್ಟಿ?"

ಅಜ್ಜಿ ನಕ್ಕಳು. ಕೊಜುಯೆ ನಗಲಿಲ್ಲ. ಇಸ್ಸೆ ಹೇಳಿದ್ದನ್ನೆಲ್ಲ ಹೇಳಿಬಿಟ್ಟಳು.

"ಅಂಟು ಹಾಕ್ಕೊಂಡು ಅಂದ್ನಾ?" ಅಜ್ಜಿ ಇನ್ನೂ ಜೋರಾಗಿ ನಕ್ಕಳು. ಆಮೇಲೆ ಕೊಜುಯೆಯ ಕಡೆ ತಿರುಗಿದಳು.

"ನಿಜ ಹೇಳ್ಲಾ ಕೂಸೇ? ರಜೆ ಹಾಕೋಕೆ ನಂಗೆ ಭಯ. ಒಂದಿನ ಮಲಗಿದ್ರೂ ಸಾಕು, 'ಪಾಪ, ವಯಸ್ಸಾಯ್ತು, ಇನ್ನು ಮನೇಲಿರಿ' ಅಂತಾರೆ. ನೀನು ಸ್ಕೂಲಿಗೆ ಹೋಗ್ತೀಯ, ನಿಮ್ಮಮ್ಮ ಡ್ಯೂಟಿಗೆ ಹೋಗ್ತಾಳೆ. ಒಬ್ಳೇ ಕೂತು ಗೋಡೆ ನೋಡ್ಲಾ? ಆ ದೊಡ್ಡ ಪಾತ್ರೆ ಎತ್ತೋವಾಗ ಕಣ್ಣಲ್ಲಿ ನೀರೇ ಬರತ್ತೆ. ಹರುಮಿಗೆ ಕಾಣದ ಹಾಗೆ ಒರೆಸ್ಕೋತೀನಿ."

ಕೊಜುಯೆ ತಾನು ಅಂಟಿಸಿದ ಪಟ್ಟಿಯನ್ನೇ ಮತ್ತೆ ಮತ್ತೆ ಸವರಿದಳು.

ಮರುದಿನ ಬೆಳಗ್ಗೆ ಅವಳೂ ಅಜ್ಜಿಯ ಜೊತೆ ಹಿಮ ತುಳಿಯುತ್ತಾ ಬೇಗ ಶಾಲೆಗೆ ಬಂದಳು. ರಾತ್ರಿಯೆಲ್ಲ ಯೋಚಿಸಿದ್ದಳೋ ಏನೋ, ಅಜ್ಜಿ ಅಡುಗೆಮನೆಗೆ ಹೋಗಲಿಲ್ಲ. ನೇರ ಹೆಡ್‌ಮಾಸ್ಟರ್ ರೂಮಿಗೆ ಹೋದಳು. ಕೊಜುಯೆ ಬಾಗಿಲಲ್ಲೇ ನಿಂತಳು.

"ಸರ್, ದೊಡ್ಡ ಪಾತ್ರೆ ನನ್ನ ಕೈಲಿ ಎತ್ತಕ್ಕಾಗ್ತಿಲ್ಲ."

ಆಗುವುದಿಲ್ಲ ಎಂದು ಅಜ್ಜಿ ಹೇಳಿದ್ದನ್ನು ಕೊಜುಯೆ ಅದುವರೆಗೆ ಕೇಳೇ ಇರಲಿಲ್ಲ.

ಹೆಡ್‌ಮಾಸ್ಟರ್ ಗಾಬರಿಯಾದರು. "ಅಯ್ಯೋ, ಹಾಗಾದ್ರೆ ನೀವು ಕೆಲಸ..."

"ಕೆಲಸ ಬಿಡ್ತೀನಿ ಅನ್ಲಿಲ್ಲ ಸರ್! ಎತ್ತಕ್ಕಾಗಲ್ಲ ಅಂದೆ. ಹೆಚ್ಚಕ್ಕಾಗತ್ತೆ. ರುಚಿ ನೋಡಕ್ಕಾಗತ್ತೆ. ಅನ್ನ ಬೆಂದಿದ್ಯಾ ಅಂತ ವಾಸನೇಲೇ ಹೇಳಕ್ಕಾಗತ್ತೆ. ವಾರದಲ್ಲಿ ಎರಡು ದಿನ ನಂಗೆ ರಜೆ ಕೊಡಿ, ಆ ದಿನ ತೊಮೊಯಾನ್ನ ಕರೀರಿ. ಉಳಿದ ದಿನ ಆ ಪಾತ್ರೆನ ನಾನೂ ಹರುಮಿನೂ ಸೇರಿ ಎತ್ತಿಡ್ತೀವಿ. ಮೊದಲನೇ ವಾರ ಮಾತ್ರ ಜೊತೇಲಿದ್ದು ಕಲಿಸ್ತೀನಿ."

ಹೆಡ್‌ಮಾಸ್ಟರ್ ತಲೆ ಕೆರೆದುಕೊಂಡರು. ಊರಿನ ಆಫೀಸಿನವರನ್ನು ಕೇಳಬೇಕು ಎಂದರು. ಆಫೀಸಿನವರು ಅವರ ಮೇಲಿನವರನ್ನು ಕೇಳಬೇಕು ಎಂದರು. ಅಜ್ಜಿ ದಿನಾ ಹೋಗಿ ವಿಚಾರಿಸಿದಳು. ಅವಳ ಕಾಟ ತಡೆಯಲಾರದೆಯೋ ಏನೋ, ಕೊನೆಗೆ ಒಪ್ಪಿಗೆ ಬಂತು.

ಸೋಮವಾರ ತೊಮೊಯಾ ಬಂದ. ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಹುಡುಗ. ಬಿಡುವಿನಲ್ಲಿ ಕೊಜುಯೆ ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿ ನಿಂತಳು. ಪಕ್ಕದಲ್ಲಿ ನೋಡಿದರೆ ಇಸ್ಸೆ!

ಒಳಗೆ ತೊಮೊಯಾ ಆ ದೊಡ್ಡ ಪಾತ್ರೆಯನ್ನು ದಿಂಬು ಎತ್ತುವ ಹಾಗೆ ಎತ್ತಿಟ್ಟ. ಅಜ್ಜಿ ಬಾಯಿ ತೆರೆದು ನೋಡಿದಳು. ಆಮೇಲೆ ಅವನು ಹೆಚ್ಚಿದ ಕ್ಯಾರೆಟ್ ನೋಡಿದಳು.

"ಏನೋ ಇದು? ಕುದುರೆಗಾ?"

"ಮಕ್ಕಳಿಗೆ, ಅಜ್ಜೀ."

"ಒಂದನೇ ಕ್ಲಾಸಿನವರ ಬಾಯಿ ನೋಡಿದೀಯಾ? ಇಷ್ಟೇ ಇಷ್ಟು!" ಅಜ್ಜಿ ತುಟಿ ಮುದುಡಿ ತೋರಿಸಿದಳು. ತೊಮೊಯಾ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಮತ್ತೆ ಹೆಚ್ಚತೊಡಗಿದ.

"ನಮ್ಮಣ್ಣ ನಗೋದನ್ನೇ ಬಿಟ್ಟಿದ್ದ," ಇಸ್ಸೆ ಮೆಲ್ಲಗೆ ಹೇಳಿದ. "ಕೊಜುಯೆ, ಅವತ್ತು ನಾನು ಅಂಟು ಅಂದಿದ್ದು..."

"ಅಜ್ಜಿಗೆ ಹೇಳಿದೀನಿ."

"ಹೇಳ್ಬಿಟ್ಯಾ!" ಇಸ್ಸೆಯ ಮುಖ ಮೂಲಂಗಿಯಂತೆ ಬಿಳುಚಿತು.

"ಬಿದ್ದು ಬಿದ್ದು ನಕ್ಕಳು."

ಮುಂದಿನ ವಾರ ಅಜ್ಜಿಯ ಮೊದಲ ರಜೆ. ಅವತ್ತು ಊಟದ ಹೊತ್ತಿಗೆ ಕೊಜುಯೆ ಹೆದರುತ್ತಲೇ ಸಾರು ಕುಡಿದಳು. ಚೆನ್ನಾಗಿಯೇ ಇತ್ತು. ಉಪ್ಪು ಒಂಚೂರು ಮುಂದಿತ್ತು, ಅಷ್ಟೆ.

ಮನೆಗೆ ಬಂದರೆ ಅಜ್ಜಿ ಹಿಮದಲ್ಲಿ ಬೀದಿಗೇ ಬಂದು ನಿಂತಿದ್ದಳು. ಮಧ್ಯಾಹ್ನ ನಿದ್ದೆ ಮಾಡಿದ ಗುರುತು ಕೆನ್ನೆಯ ಮೇಲಿತ್ತು. ಕೊಜುಯೆಯ ಬ್ಯಾಗನ್ನು ಸಲೀಸಾಗಿ ಇಸಿದುಕೊಂಡು ಕೇಳಿದಳು. "ಹೇಗಿತ್ತೇ ಸಾರು?"

ಕೊಜುಯೆ ಅಜ್ಜಿಯ ಮುಖವನ್ನೇ ನೋಡಿದಳು. ಚೆನ್ನಾಗಿತ್ತು ಎಂದರೆ ಅಜ್ಜಿಗೆ ಬೇಜಾರಾಗಬಹುದೇ? ಚೆನ್ನಾಗಿರಲಿಲ್ಲ ಎಂದರೆ ತೊಮೊಯಾ ಪಾಪ ಅಲ್ಲವೇ? ಸ್ವಲ್ಪ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು.

"ಎಲ್ಲರೂ ಬಟ್ಟಲು ಖಾಲಿ ಮಾಡಿದ್ರು. ಉಪ್ಪು ಸ್ವಲ್ಪ ಜಾಸ್ತಿ ಇತ್ತು."

"ಖಾಲಿ ಮಾಡಿದ್ರಾ!" ಅಜ್ಜಿಯ ಕಣ್ಣುಗಳು ಮಿನುಗಿದವು. "ಉಪ್ಪು ಜಾಸ್ತಿ ಆಗಿತ್ತಾ? ನಾಳೆನೂ ಅವನ ಸರದಿನೇ, ಬೇಗ ಹೋಗಿ ಹೇಳ್ಕೊಡ್ಬೇಕು ಹಾಗಾದ್ರೆ."

ಎರಡೂ ಮಾತು ಕೇಳಿ ಅಜ್ಜಿಗೆ ಖುಷಿಯಾಗಿತ್ತು. ಯಾವ ಮಾತಿಗೆ ಹೆಚ್ಚು ಖುಷಿ ಎಂದು ಕೊಜುಯೆ ಕೇಳಲಿಲ್ಲ. ಅಜ್ಜಿಯ ಕೈ ಹಿಡಿದುಕೊಂಡು ಒಳಗೆ ನಡೆದಳು.